ಮೋನೋನಾ, ಸ್ಟಿರಿಯೊನಾ? ಒಂದು ಹಳೆಯ ಆಲ್ಬಂನ ಮರುಬಿಡುಗಡೆಯನ್ನು ನಾನು ಪರೀಕ್ಷಿಸಿದ ಬಗೆ

ಅರವತ್ತರ ದಶಕದ ರಾಕ್ ಆಲ್ಬಂ ಯಾವುದಾದರೂ ಮತ್ತೆ ಅಂಗಡಿಗೆ ಬಂದರೆ ಕವರ್ ಮೇಲೆ ಒಂದು ಸ್ಟಿಕ್ಕರ್ ಇದ್ದೇ ಇರುತ್ತದೆ. '180 ಗ್ರಾಂ', 'ರೀಮಾಸ್ಟರ್ಡ್' (ಹಳೆಯ ಟೇಪಿನ ದನಿಯನ್ನು ಮತ್ತೆ ಹದಗೊಳಿಸಿದ್ದು), ಹೀಗೆ ಏನೋ ಒಂದು. ಗ್ರಾಮಫೋನ್ ಪ್ಲೇಟು ತೂಕವಾಗಿ ದಪ್ಪಗಿದ್ದರೆ ಕೈಯಲ್ಲಿ ಹಿಡಿಯಲು ಚೆನ್ನಾಗಿರುತ್ತದೆ, ನಿಜ. ಹಾಡು ಅದರಿಂದ ಬದಲಾಗುವುದಿಲ್ಲ. ದುಡ್ಡು ಕೊಡುವ ಮೊದಲು ನನಗೆ ಬೇಕಾದ ಮಾಹಿತಿ ಬೇರೆ: ಒಳಗಿರುವುದು ಮೋನೋ ಮಿಕ್ಸಾ, ಸ್ಟಿರಿಯೊ ಮಿಕ್ಸಾ? ಸ್ಟಿರಿಯೊ ಆದರೆ ಅಸಲಿಯಾ? ಮಿಕ್ಸ್ ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ದನಿಗಳನ್ನು ಸೇರಿಸಿ ಮಾಡಿದ ಕೊನೆಯ ರೂಪ. ಮೋನೋದಲ್ಲಿ ಎಡ ಬಲ ಎರಡರಲ್ಲೂ ಒಂದೇ ಸದ್ದು, ಸ್ಟಿರಿಯೊದಲ್ಲಿ ಬೇರೆ ಬೇರೆ.

ಈ ಚಟ ಹತ್ತಿಸಿದ್ದು 'ದ ಜೋಂಬೀಸ್' ತಂಡದ 'ಒಡೆಸಿ ಅಂಡ್ ಆರಕಲ್'. ಲಂಡನ್ ಹತ್ತಿರದ ಸೇಂಟ್ ಆಲ್ಬನ್ಸ್ ಊರಿನ ಹುಡುಗರು ಇವರು. 1967ರಲ್ಲಿ ಇದರ ಹೆಚ್ಚಿನ ಭಾಗವನ್ನು ಇಎಂಐ ಕಂಪನಿಯ ಆಬಿ ರೋಡ್ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದರು. ಬೀಟಲ್ಸ್ ಅದೇ ಸ್ಟುಡಿಯೊದಲ್ಲಿ 'ಸಾರ್ಜೆಂಟ್ ಪೆಪ್ಪರ್' ಮುಗಿಸಿ ಆಗಿನ್ನೂ ಸ್ವಲ್ಪವೇ ಕಾಲವಾಗಿತ್ತು. ಬೀಟಲ್ಸ್ ಜತೆ ಕೆಲಸ ಮಾಡಿದ್ದ ಜೆಫ್ ಎಮೆರಿಕ್ ಇಲ್ಲೂ ಎಂಜಿನಿಯರ್. ಜಾನ್ ಲೆನನ್ ಅಲ್ಲೇ ಬಿಟ್ಟುಹೋಗಿದ್ದ ಮೆಲೊಟ್ರಾನ್ ಇವರ ಕೈಗೆ ಸಿಕ್ಕಿತು. ಕೀ ಒತ್ತಿದರೆ ಒಳಗಿನ ಟೇಪು ಓಡಿ ಕೊಳಲು, ಪಿಟೀಲಿನ ದನಿ ಬರುವ ವಾದ್ಯ ಅದು. ಆಲ್ಬಂ ತುಂಬಾ ಆವರಿಸಿರುವ ಆ ಮಂಜು ಮುಸುಕಿದಂಥ ದನಿ ಅದರದ್ದೇ.

ಈಗ ಮಿಕ್ಸ್ ವಿಚಾರಕ್ಕೆ ಬರೋಣ. ಸಿಬಿಎಸ್ ಕಂಪನಿ ಕೊಟ್ಟಿದ್ದ ಬಜೆಟ್ ಸುಮಾರು 1000 ಪೌಂಡ್. ಅದು ಮೋನೋ ಮಿಕ್ಸ್ ಮುಗಿಯುವಷ್ಟರಲ್ಲಿ ಖಾಲಿ. ಆಗ ಕಂಪನಿ ಸ್ಟಿರಿಯೊ ಕೂಡ ಬೇಕು ಅಂದಿತು. ಹಾಡು ಬರೆದಿದ್ದ ರಾಡ್ ಆರ್ಜೆಂಟ್ ಮತ್ತು ಕ್ರಿಸ್ ವೈಟ್ ತಮ್ಮ ರಾಯಲ್ಟಿಯಿಂದ 200 ಪೌಂಡ್ ಹಾಕಿ ಅದನ್ನೂ ಮಾಡಿಸಿದರು. ಒಂದು ಹಾಡಿನಲ್ಲಿ ಮಾತ್ರ ತೊಡಕಾಯಿತು. 'ದಿಸ್ ವಿಲ್ ಬಿ ಅವರ್ ಇಯರ್' ಹಾಡಿಗೆ ತಂಡದ ಮೊದಲಿನ ನಿರ್ಮಾಪಕ ಕೆನ್ ಜೋನ್ಸ್ ಹಿತ್ತಾಳೆ ವಾದ್ಯಗಳನ್ನು ಸೇರಿಸಿದ್ದು ನೇರವಾಗಿ ಮೋನೋ ಮಿಕ್ಸ್ ಮೇಲೆ. ದನಿಗಳನ್ನು ಬೇರೆ ಬೇರೆ ಸಾಲುಗಳಲ್ಲಿ ಹಿಡಿದಿಟ್ಟ ಮೂಲ ಮಲ್ಟಿಟ್ರ್ಯಾಕ್ ಟೇಪಿನಲ್ಲಿ ಆ ವಾದ್ಯಗಳೇ ಇಲ್ಲ! ಹಾಗಾಗಿ ಆ ಕಾಲದ ಸ್ಟಿರಿಯೊ ಎಲ್‌ಪಿಯಲ್ಲಿ ಆ ಹಾಡಿಗೆ ಮೋನೋವನ್ನೇ ಹಿಗ್ಗಿಸಿದ ಹುಸಿ ಸ್ಟಿರಿಯೊ ಹಾಕಿದರು. ಮುಂದೆ ಮರುಬಿಡುಗಡೆ ಮಾಡಿದ ಪ್ರತಿಯೊಬ್ಬರಿಗೂ ಈ ಹಾಡಿನ ಹತ್ತಿರ ಬಂದಾಗ ಒಂದು ನಿರ್ಧಾರ ಮಾಡಲೇಬೇಕಾಯಿತು. ಸ್ಟಿಕ್ಕರ್ ಇದನ್ನು ಹೇಳುವುದಿಲ್ಲ.

ನಾನು ಬಳಸುವುದು ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್. ಸಿಡಿಯಿಂದ ಹಾಡನ್ನು ವೇವ್ ಫೈಲಾಗಿ ತೆಗೆದುಕೊಳ್ಳುತ್ತೇನೆ. ಫೈಲ್ ತೆರೆದು ಎಡ ಬಲ ಎರಡನ್ನೂ ಬೇರೆ ಬೇರೆ ಮೋನೋ ಟ್ರ್ಯಾಕ್ ಆಗಿ ಒಡೆಯುತ್ತೇನೆ. ಒಂದು ಟ್ರ್ಯಾಕನ್ನು ಮಾತ್ರ ಆರಿಸಿ 'ಇನ್ವರ್ಟ್' ಒತ್ತುತ್ತೇನೆ. ಅಲೆ ತಲೆಕೆಳಗಾಗುತ್ತದೆ. ಆಮೇಲೆ ಎರಡನ್ನೂ ಒಟ್ಟಿಗೆ ನುಡಿಸುತ್ತೇನೆ. ಎರಡೂ ಕಡೆ ಒಂದೇ ಆಗಿರುವುದೆಲ್ಲ ಒಂದನ್ನೊಂದು ಅಳಿಸಿಹಾಕುತ್ತದೆ, ವ್ಯತ್ಯಾಸ ಮಾತ್ರ ಉಳಿಯುತ್ತದೆ.

ಅಪ್ಪಟ ಮೋನೋ ಆದರೆ ಪೂರ್ತಿ ಮೌನ. ಮೊದಲ ಸಲ ಮಾಡುವವರು ಸ್ಪೀಕರ್ ಕೆಟ್ಟಿತೇನೋ ಅಂದುಕೊಳ್ಳುವುದು ಸಹಜ. ಅಸಲಿ ಸ್ಟಿರಿಯೊ ಆದರೆ ನಡುವೆ ಇಟ್ಟಿದ್ದ ವಾದ್ಯ, ದನಿ ಮಾಯವಾಗಿ ಅಕ್ಕಪಕ್ಕದವು ಸ್ಪಷ್ಟವಾಗಿ ಉಳಿಯುತ್ತವೆ. ಹುಸಿ ಸ್ಟಿರಿಯೊ ಇವೆರಡರ ನಡುವಿನದು. ಯಾವ ವಾದ್ಯವೂ ಪೂರ್ತಿ ಹೋಗುವುದಿಲ್ಲ, ಯಾವುದೂ ಪೂರ್ತಿ ಉಳಿಯುವುದಿಲ್ಲ. ಇಡೀ ಹಾಡೇ ತಗಡಿನ ಡಬ್ಬದೊಳಗಿಂದ ಬಂದಂತೆ ಸಣ್ಣಗೆ ಕೇಳುತ್ತದೆ. ಒಂದು ಕಡೆ ಮಂದ್ರ, ಇನ್ನೊಂದು ಕಡೆ ತಾರ ಹೆಚ್ಚಿಸಿ ಮಾಡಿದ ಆಟ ಅಲ್ವಾ ಅದು, ಹಾಗಾಗಿ ಉಳಿಯುವುದೂ ಆ ಏರುಪೇರು ಮಾತ್ರ. ನನ್ನ ಬಳಿ ಇರುವ ಸಿಡಿಯ ಸ್ಟಿರಿಯೊ ಭಾಗದಲ್ಲಿ ಆ ಹಾಡು ಬಂದಾಗ ಮೌನವೇ ಸಿಕ್ಕಿತು. ಅಂದರೆ ಹುಸಿಯನ್ನು ಕೈಬಿಟ್ಟು ಮೋನೋವನ್ನೇ ಅಲ್ಲಿ ಕೂರಿಸಿದ್ದಾರೆ. ನನಗಂತೂ ಅದೇ ಸರಿ ಅನ್ನಿಸಿತು.

ಇಷ್ಟು ಪತ್ತೇದಾರಿಕೆ. ಯಾವ ಮಿಕ್ಸ್ ಚೆನ್ನಾಗಿದೆ ಅನ್ನುವುದಕ್ಕೆ ಯಂತ್ರ ಸಾಲದು, ಕುಳಿತು ಕೇಳಬೇಕು. ಅದಕ್ಕೊಂದು ಷರತ್ತಿದೆ. ಎರಡರ ಸದ್ದಿನ ಮಟ್ಟ ಒಂದೇ ಇರಬೇಕು. ಒಂದು ಡೆಸಿಬೆಲ್ ಜಾಸ್ತಿ ಇದ್ದರೂ ಸಾಕು, ಜೋರಾಗಿರುವುದೇ ಚೆಂದ ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಹೊಸ ರೀಮಾಸ್ಟರ್‌ಗಳು ಮೊದಲ ನಿಮಿಷದಲ್ಲೇ ಮನಗೆಲ್ಲುವುದರ ಗುಟ್ಟು ಎಷ್ಟೋ ಸಲ ಇಷ್ಟೇ. ಅದಕ್ಕೇ ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಶನ್‌ನಿಂದ ಎರಡನ್ನೂ ಸಮಕ್ಕೆ ತಂದುಕೊಂಡು ಕೇಳುತ್ತೇನೆ. ಹಾಗೆ ಮಾಡಿದ ಮೇಲೆ ಎಷ್ಟೋ 'ಹೊಸ ಹೊಳಪು' ಇಳಿದುಹೋಗುತ್ತದೆ.

ಹೆಡ್‌ಫೋನಿನಲ್ಲಿ ಈ ಆಲ್ಬಂನ ಸ್ಟಿರಿಯೊ ಮಜವಾಗಿದೆ. ಆಗ ನಾಲ್ಕೇ ಟ್ರ್ಯಾಕಿನ ಟೇಪು. ಒಂದು ಟ್ರ್ಯಾಕಿನಲ್ಲಿ ಒತ್ತಾಗಿ ತುಂಬಿಸಿದ್ದನ್ನು ಆಮೇಲೆ ಬಿಡಿಸಲು ಆಗದು. ಅದನ್ನು ಇಡಿಯಾಗಿ ಎಡಕ್ಕೋ ಬಲಕ್ಕೋ ನಡುವಿಗೋ ಇಡಬೇಕು. ಆ ಕಾಲದ ಸ್ಟಿರಿಯೊದಲ್ಲಿ ವಾದ್ಯಗಳು ಹೀಗೆ ಗುಂಪು ಗುಂಪಾಗಿ ಮೂಲೆ ಹಿಡಿದು ಕೂರುವುದಕ್ಕೆ ಕಾರಣ ಇದೇ. ಒಂದೊಂದು ದನಿಯ ಹೆಣಿಗೆಯನ್ನು ಬಿಡಿಸಿ ನೋಡಬೇಕು ಅನ್ನುವವರಿಗೆ ಇದು ಒಳ್ಳೆಯದು. ಆದರೆ ಸ್ಪೀಕರ್ ಹಾಕಿ ಕೇಳುವಾಗ ನಾನು ಮೋನೋ ಕಡೆ. ಬೇಸ್, ಡ್ರಮ್, ಪಿಯಾನೊ ಒಂದೇ ಜಾಗದಿಂದ ನುಗ್ಗಿಬರುತ್ತವೆ. ಜೈಲಿನಿಂದ ಬಿಡುಗಡೆಯಾಗಿ ಬರುವವರಿಗೆ ಬರೆದ ಪತ್ರದಂತಿರುವ ಮೊದಲ ಹಾಡಿನ ಸಂಭ್ರಮ ಮೋನೋದಲ್ಲೇ ಪೂರ್ತಿ ಸಿಗುವುದು. ಒಂದೇ ಸ್ಪೀಕರ್ ಇಟ್ಟು ಕೇಳಿ ನೋಡಿ, ಇನ್ನೂ ಚೆನ್ನ. ಮೊದಲ ಮಹಾಯುದ್ಧದ ಸೈನಿಕನಾದ ಕಟುಕನ ಹಾಡು ಮಾತ್ರ ಎರಡರಲ್ಲೂ ಒಂದೇ ರೀತಿ ಎದೆ ತಟ್ಟುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಕಾಲಲ್ಲಿ ತಿದಿ ಒತ್ತುವ ಆರ್ಗನ್ ಮತ್ತು ಕ್ರಿಸ್ ವೈಟ್‌ರ ನಡುಗುವ ದನಿ. ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕದಲ್ಲಿ ಇದನ್ನು ಈ ಆಲ್ಬಂನಿಂದ ಸಿಂಗಲ್ (ಬಿಡಿ ಹಾಡಿನ ಪ್ಲೇಟು) ಆಗಿ ಬಿಟ್ಟಿದ್ದರು. ಓಡಲಿಲ್ಲ. ಆಮೇಲೆ ಬಂದ 'ಟೈಮ್ ಆಫ್ ದ ಸೀಸನ್' 1969ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. ಅಷ್ಟರಲ್ಲಿ ತಂಡ ಒಡೆದು ವರ್ಷವೇ ಕಳೆದಿತ್ತು. ಗಾಯಕ ಕಾಲಿನ್ ಬ್ಲನ್‌ಸ್ಟೋನ್ ನಡುವೆ ವಿಮಾ ಕಚೇರಿಯೊಂದರಲ್ಲಿ ಕೆಲಸಕ್ಕೂ ಸೇರಿದ್ದರು.

ಪ್ಲೇಟು ತಂದವರು ಒಂದು ಕೆಲಸ ಮಾಡಬಹುದು. ಮೋನೋ ಪ್ಲೇಟಿನ ಗೆರೆಯಲ್ಲಿ ಸಂಗೀತ ಇರುವುದು ಅಡ್ಡಡ್ಡ ಚಲನೆಯಲ್ಲಿ ಮಾತ್ರ. ಸೂಜಿ ಮೇಲೆ ಕೆಳಗೆ ಕುಣಿದರೆ ಅದು ಧೂಳು, ಗೀರುಗಳ ಸದ್ದು. ಆಂಪ್ಲಿಫೈಯರ್‌ನಲ್ಲಿ ಮೋನೋ ಬಟನ್ ಇದ್ದರೆ ಒತ್ತಿ. ಆ ಚಟಪಟ ಸಾಕಷ್ಟು ಅಡಗುತ್ತದೆ, ಹಾಡಿಗೆ ನಷ್ಟವಿಲ್ಲ. ಹೊಸ ಪ್ಲೇಟಾದರೂ ಮೊದಲು ಕಾರ್ಬನ್ ಫೈಬರ್ ಬ್ರಷ್ ಆಡಿಸುವುದು ನನ್ನ ರೂಢಿ. ಕವರಿನೊಳಗಿನ ಕಾಗದದ ಪುಡಿಯೇ ಎಷ್ಟೋ ಸಲ ಗೆರೆಯಲ್ಲಿ ಕೂತಿರುತ್ತದೆ.

ಹುಡುಕುವವರಿಗೆ ಇನ್ನೊಂದು. ಕವರ್ ಚಿತ್ರ ಬರೆದ ಟೆರ್ರಿ ಕ್ವರ್ಕ್, ಆಲ್ಬಂ ಹೆಸರಿನ ಮೊದಲ ಪದದ ಇಂಗ್ಲಿಷ್ ಕಾಗುಣಿತವನ್ನು Odyssey ಬದಲು Odessey ಎಂದು ತಪ್ಪಾಗಿ ಬರೆದರು, ಅದು ಹಾಗೇ ಉಳಿಯಿತು. ಕೆಲವು ಮಾರಾಟಗಾರರು ಅದನ್ನು ತಿದ್ದಿ ಪಟ್ಟಿ ಮಾಡಿರುತ್ತಾರೆ. ಎರಡೂ ಕಾಗುಣಿತ ಹಾಕಿ ಹುಡುಕಿ. ಸಿಕ್ಕಿದರೆ ಹಿಂಬದಿಯ ಸಣ್ಣ ಅಕ್ಷರ ಓದಿ. ಎರಡೂ ಮಿಕ್ಸ್ ಇರುವ ಸಿಡಿ ಸಿಗುವಾಗ ಬರೀ ಸ್ಟಿರಿಯೊ ಇರುವುದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.