ಕೆಂಪುಕಲ್ಲಿನ ಹಳೆ ಮನೆಯ ಪಸೆ ಬಿಡಿಸುವುದು ಹೇಗೆ?

ಕರಾವಳಿಯಲ್ಲಿ ಹಳೆ ಮನೆಗೆ ಹೊಸ ರೂಪ ಕೊಟ್ಟವರ ಮನೆಗೆ ಎರಡು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿ. ಸೋಫಾದ ಹಿಂದೆ, ನೆಲದಿಂದ ಮೂರು ಅಡಿವರೆಗೆ ಪೇಂಟು ಗುಳ್ಳೆ ಎದ್ದಿರುತ್ತದೆ. ಕೈಯಾಡಿಸಿದರೆ ಬಿಳಿ ಪುಡಿ ಉದುರುತ್ತದೆ. ಮನೆಯವರು ಕೆರೆಸಿ, ಪುಟ್ಟಿ ಹಾಕಿಸಿ, ವಾಟರ್‌ಪ್ರೂಫ್ ಪೇಂಟ್ ಬಳಿಸುತ್ತಾರೆ. ಮುಂದಿನ ಆಟಿ ತಿಂಗಳಿಗೆ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಗೆ, ಗುಳ್ಳೆ ಇನ್ನೊಂದು ಅಡಿ ಮೇಲೆ ಬಂದಿರುತ್ತದೆ.

ನನ್ನ ಸೋದರಮಾವನ ಮನೆಯಲ್ಲಿ ಹೀಗೆ ಮೂರು ಸಲ ಆಯಿತು. ಮೂರನೇ ಸಲ ಅಟ್ಟದ ತೊಲೆಯ ತುದಿ ಕೈಗೆ ಪುಡಿಯಾಗಿ ಬಂತು. ಅಜ್ಜನ ಕಾಲದಿಂದ ಗಟ್ಟಿಯಾಗಿದ್ದ ಹಲಸಿನ ತೊಲೆ, ರಿಪೇರಿಯಾದ ಆರೇ ವರ್ಷಕ್ಕೆ ಹೋಯಿತು. ಆ ಸಂಕಟಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಂಪುಕಲ್ಲನ್ನು ಮುರಕಲ್ಲು ಅನ್ನಿ, ಚಿರೆಕಲ್ಲು ಅನ್ನಿ, ಇದು ತೂತು ತೂತಾದ ಕಲ್ಲು. ನೆಲದ ನೀರನ್ನು ಹೀರಿ ಮೇಲಕ್ಕೆ ಎಳೆಯುತ್ತದೆ. ಅಜ್ಜನ ಕಾಲದಲ್ಲೂ ಎಳೆಯುತ್ತಿತ್ತು. ಆಗ ಮೈಮೇಲಿದ್ದದ್ದು ಮಣ್ಣು, ಸುಣ್ಣದ ಗಾರೆ. ಮಳೆಗಾಲದಲ್ಲಿ ಕುಡಿದ ನೀರು ಬೇಸಿಗೆಯಲ್ಲಿ ಅದರ ಮೂಲಕ ಆವಿಯಾಗಿ ಹೋಗುತ್ತಿತ್ತು. ಸಿಮೆಂಟು, ಪ್ಲಾಸ್ಟಿಕ್ ಪೇಂಟು ಬಂದಾಗ ನೀರು ಹೊರಗೆ ಹೋಗುವ ದಾರಿ ಮುಚ್ಚಿತು. ಒಳಗೆ ಬರುವ ದಾರಿ ತೆರೆದೇ ಇದೆ. ಹಾಗಾಗಿ ಅದು ಮೇಲೆ ಹತ್ತುತ್ತದೆ, ಮರದ ತುದಿ ಸೇರುತ್ತದೆ.

ಕೆಲಸವನ್ನು ದೀಪಾವಳಿ ಕಳೆದ ಕೂಡಲೇ ಶುರು ಮಾಡಿ. ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಹೊರಗೋಡೆ ಮುಗಿದಿರಬೇಕು.

1. ನೀರು ಎಲ್ಲಿಂದ ಅಂತ ಪತ್ತೆ ಮಾಡಿ

ಬುಡದಿಂದ ಮೂರು-ನಾಲ್ಕು ಅಡಿವರೆಗೆ ಒಂದೇ ಸಮ ಹಬ್ಬಿದ್ದರೆ ಅದು ನೆಲದಿಂದ ಏರಿದ ಪಸೆ. ಮಾಡಿನ (ಛಾವಣಿಯ) ಕೆಳಗೆ ಮಾತ್ರ ಕಲೆ ಇದ್ದರೆ ಹಂಚು ಅಥವಾ ದಂಬೆ (ಮಳೆನೀರು ಹರಿಯುವ ದೋಣಿ) ಸೋರುತ್ತಿದೆ. ಬಚ್ಚಲಿನ ಹಿಂದಿನ ಗೋಡೆ ಮಾರ್ಚಿನಲ್ಲೂ ಒದ್ದೆ ಇದ್ದರೆ ಪೈಪು ನೋಡಿ. ಅನುಮಾನ ಇದ್ದರೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಒಂದು ಅಡಿ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ತೆಗೆಯಿರಿ. ಗೋಡೆ ಕಡೆ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬಂದದ್ದು. ಕೋಣೆ ಕಡೆ ಹನಿ ಇದ್ದರೆ ಅದು ಗಾಳಿಯ ತೇವ. ಅದಕ್ಕೆ ಕಿಟಕಿ ತೆರೆದರೆ ಸಾಕು.

ಹಂಚು ಸೋರುತ್ತದೆ ಅಂತ ಮಾಡನ್ನೇ ತೆಗೆಸಿ ಸ್ಲ್ಯಾಬ್ ಹಾಕಬೇಡಿ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದ ಬಾಸೆಲ್ ಮಿಶನ್ ಕಾರ್ಖಾನೆಯ ಹಂಚು ಇವತ್ತಿಗೂ ಗಟ್ಟಿಯಾಗಿರುವ ಮನೆಗಳಿವೆ. ಒಡೆದದ್ದನ್ನು ಮಾತ್ರ ಬದಲಿಸಿ.

2. ಬಿರುಕಿಗೆ ತಾರೀಕು ಹಾಕಿ

ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ಮೂರು ತಿಂಗಳಲ್ಲಿ ಗೆರೆ ದಾಟಿ ಬೆಳೆದಿದ್ದರೆ ಗೋಡೆ ಇನ್ನೂ ಅಲುಗುತ್ತಿದೆ ಅಂತ ಅರ್ಥ. ಕೂದಲಿನಷ್ಟು ತೆಳ್ಳಗಿದ್ದು ಎಲ್ಲ ಕಡೆ ಹರಡಿದ್ದರೆ ಅದು ಬರೀ ಗಾರೆಯದು. ಕಲ್ಲಿನ ಸಂದಿ ಹಿಡಿದು ಮೆಟ್ಟಿಲಿನ ಹಾಗೆ ಹತ್ತಿದ್ದರೆ ಪಂಚಾಂಗ, ಅಂದರೆ ಅಡಿಪಾಯ, ಕುಸಿದಿರುವ ಸಾಧ್ಯತೆ ಜಾಸ್ತಿ. ಮಣ್ಣಿನಲ್ಲಿ ಕಟ್ಟಿದ ಗೋಡೆ ಮೇಲೆ ಸ್ಲ್ಯಾಬ್ ಕೂರಿಸಿದವರು, ಹಾಲ್ ದೊಡ್ಡದಾಗಲಿ ಅಂತ ನಡುಗೋಡೆ ತೆಗೆಸಿದವರು ಇಲ್ಲಿಗೆ ನಿಲ್ಲಿಸಿ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ. ಮೇಸ್ತ್ರಿಯ ಅಂದಾಜು ಇದಕ್ಕೆ ಸಾಲದು.

3. ಅಂಗಳ ತಗ್ಗಿಸಿ

ಇಂಟರ್‌ಲಾಕ್ ಸಿಮೆಂಟ್ ಬಿಲ್ಲೆ ಹಾಕಿಸುವಾಗ ಅಂಗಳ ಅರ್ಧ ಅಡಿ ಮೇಲೆ ಬರುತ್ತದೆ. ಯಾರೂ ಗಮನಿಸುವುದಿಲ್ಲ. ವರ್ಷಕ್ಕೆ 3500 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಊರಿದು. ಅಷ್ಟೂ ನೀರು ಗೋಡೆಯ ಬುಡಕ್ಕೇ ಬಂದು ನಿಲ್ಲುತ್ತದೆ. ಮನೆಯೊಳಗಿನ ನೆಲಕ್ಕಿಂತ ಅಂಗಳ ಕನಿಷ್ಠ ಅರ್ಧ ಅಡಿ ಕೆಳಗಿರಲಿ. ಇಳಿಜಾರು ಮನೆಯಿಂದ ಆಚೆಗಿರಲಿ. ಗೋಡೆಗೆ ತಾಗಿ ಒಂದಡಿ ಅಗಲ ಇಂಟರ್‌ಲಾಕ್ ಕಿತ್ತು ಜಲ್ಲಿ ತುಂಬಿಸಿ. ಮಾಡಿನ ನೀರು ಕಲ್ಲಿಗೆ ಬಡಿದು ಗೋಡೆಗೆ ಹಾರುವುದೂ ಕಡಿಮೆಯಾಗುತ್ತದೆ. ಎಷ್ಟೋ ಮನೆಗಳಲ್ಲಿ ಅರ್ಧ ರೋಗ ಇಷ್ಟಕ್ಕೇ ಇಳಿಯುತ್ತದೆ.

4. ಸಿಮೆಂಟ್ ಕೀಳಿ, ಕಾಯಿರಿ

ಎಲ್ಲರೂ ಎಡವುವುದು ಇಲ್ಲಿಯೇ. ಪಸೆ ಕಾಣುವ ಜಾಗದಷ್ಟೇ ಕೀಳುತ್ತಾರೆ. ಅದು ಸಾಲದು. ಕಲೆಯ ಗಡಿಯಿಂದ ಇನ್ನೂ ಎರಡು ಅಡಿ ಮೇಲಿನವರೆಗೆ, ಒಳಗೂ ಹೊರಗೂ ಕೀಳಬೇಕು. ಒಂದೇ ಬದಿ ಕಿತ್ತರೆ ಒಣಗುವುದು ಬಹಳ ನಿಧಾನ. ಬ್ರೇಕರ್ ಮಷಿನ್ ಬೇಡ. ಸಿಮೆಂಟಿನ ಜೊತೆ ಕಲ್ಲಿನ ಮುಖವೂ ಎದ್ದು ಬರುತ್ತದೆ. ಉಳಿ, ಸಣ್ಣ ಸುತ್ತಿಗೆ ಸಾಕು.

ಕಲ್ಲು ಕಂಡ ಮೇಲೆ ಬಿಳಿ ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ, ಕೆಳಗೆ ಗೋಣಿ ಹಾಸಿ ಹಿಡಿದು ಹೊರಗೆ ಎಸೆಯಿರಿ. ನೀರು ಹಾಕಿ ತೊಳೆಯಬೇಡಿ. ಉಪ್ಪು ಕರಗಿ ಮತ್ತೆ ಕಲ್ಲಿನೊಳಗೆ ಹೋಗುತ್ತದೆ. ಒಣಗುತ್ತಾ ಹೋದ ಹಾಗೆ ಉಪ್ಪು ಮತ್ತೆ ಮತ್ತೆ ಹೊರಗೆ ಬರುತ್ತದೆ. ಪ್ರತಿ ವಾರ ಉಜ್ಜಿ.

ಒಂದು ಇಂಚು ದಪ್ಪದ ಗೋಡೆ ಒಣಗಲು ಸುಮಾರು ಒಂದು ತಿಂಗಳು ಅನ್ನುವುದು ಕಟ್ಟಡ ಕೆಲಸದವರ ಹಳೆ ಲೆಕ್ಕ. ಎರಡೂ ಬದಿ ತೆರೆದಿದ್ದರೆ ಬೇಗ. ಆದರೂ ಹದಿನೈದು ಇಂಚಿನ ಗೋಡೆ ಒಂದು ಬೇಸಿಗೆಗೆ ಪೂರ್ತಿ ಒಣಗುವುದಿಲ್ಲ. ಹೊರಗೆ ಗಾರೆ ಮುಗಿಸಿ, ಒಳಮೈಯನ್ನು ಇನ್ನೊಂದು ವರ್ಷ ಹಾಗೇ ಬಿಡುವ ಧೈರ್ಯ ಮಾಡಿ. ನೆಂಟರು ಏನೆಂದಾರು ಅಂತ ಯೋಚಿಸಬೇಡಿ.

ಕಾಯುವ ಈ ಹೊತ್ತಿನಲ್ಲಿ ತೊಲೆಗಳ ತುದಿಗೆ ದಬ್ಬಣ ಚುಚ್ಚಿ ನೋಡಿ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಆ ತುದಿ ಹೋಯಿತು. ಕೊಳೆತಷ್ಟನ್ನು ಕತ್ತರಿಸಿ, ಬಡಗಿಯಿಂದ ಹೊಸ ಮರ ಹಾಕಿಸಿ. ಗೋಡೆಯೊಳಗೆ ಸೇರುವ ತುದಿಯ ಸುತ್ತ ಅರ್ಧ ಇಂಚು ಖಾಲಿ ಬಿಡಿಸಿ. ಅಲ್ಲಿಗೆ ಸಿಮೆಂಟ್ ತುಂಬಿಸಿದರೆ ಮತ್ತೆ ಅದೇ ಕಥೆ.

ಗೋಡೆಗೆ ತೂತು ಕೊರೆದು ಕೆಮಿಕಲ್ ಇಂಜೆಕ್ಷನ್ ಕೊಡುತ್ತೇವೆ, ಗ್ಯಾರಂಟಿ ಬರೆದುಕೊಡುತ್ತೇವೆ ಅಂತ ಬರುವವರಿದ್ದಾರೆ. ಕೆಂಪುಕಲ್ಲಿಗೆ ನಾನಂತೂ ಮಾಡಿಸುವುದಿಲ್ಲ. ಒಳಗೆ ಎಲ್ಲೆಂದರಲ್ಲಿ ಪೊಳ್ಳು. ದ್ರವ ಅಲ್ಲಿಗೆ ಹರಿದು ಹೋಗುತ್ತದೆ, ನೀರಿಗೆ ದಾರಿ ಉಳಿದೇ ಇರುತ್ತದೆ.

5. ಸುಣ್ಣದ ಗಾರೆ

ಅಂಗಡಿಯ ಪ್ಯಾಕೆಟ್ ಸುಣ್ಣದ ಪುಡಿ ನನಗೆ ಹಿಡಿಸುವುದಿಲ್ಲ. ವರ್ಷಗಟ್ಟಲೆ ಗಾಳಿಗೆ ಕೂತು ಸತ್ತಿರುತ್ತದೆ. ಸುಟ್ಟ ಸುಣ್ಣ ತಂದು ನೀವೇ ಅರಳಿಸಿ. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಸುಣ್ಣ. ತಿರುಗಾಮುರುಗಾ ಮಾಡಿದರೆ ಸಿಡಿದು ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟಿಕ್ ಬಕೆಟ್ ಕರಗಿಯೇ ಹೋದೀತು, ಅಷ್ಟು ಬಿಸಿಯಾಗುತ್ತದೆ. ಕನ್ನಡಕ, ಗ್ಲೌಸ್ ಬೇಕೇ ಬೇಕು. ಮಕ್ಕಳನ್ನು ಹತ್ತಿರ ಬಿಡಬೇಡಿ. ಸೋಸಿ, ಮೇಲೆ ನೀರು ನಿಲ್ಲುವ ಹಾಗೆ ಕನಿಷ್ಠ ಮೂರು ವಾರ ಇಡಿ. ಬೆಣ್ಣೆಯಂತಾಗುತ್ತದೆ.

ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಮರಳು, ಒಂದು ಪಾಲು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಮರಳು ಅಳಿವೆ ಬಾಗಿಲಿನದ್ದು ಬೇಡ, ಅದರಲ್ಲಿ ಉಪ್ಪಿರುತ್ತದೆ. ಉಪ್ಪು ಬಿಡಿಸಲು ಇಷ್ಟು ಕಷ್ಟಪಟ್ಟು ಮತ್ತೆ ಉಪ್ಪನ್ನೇ ಬಳಿಯುವುದು ಬೇಡ, ಅಲ್ವಾ? ಮೇಲಿನ ಹೊಳೆಯ ಮರಳನ್ನೇ ತೊಳೆದು ಬಳಸಿ.

ಹಚ್ಚುವ ಮೊದಲು ಕಲ್ಲಿಗೆ ನೀರು ಚಿಮುಕಿಸಿ. ಒಣ ಕಲ್ಲು ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಒಂದು ಪದರ ಹತ್ತು ಮಿ.ಮೀ. ಮೀರಬಾರದು. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆಯೇ ಎರಡನೇ ಪದರ. ಅದಕ್ಕೆ ಒಂದು ವಾರ ಹತ್ತು ದಿನ ಬೇಕು. ಅಷ್ಟು ದಿನವೂ ಒದ್ದೆ ಗೋಣಿ ತೂಗುಹಾಕಿ ನೆರಳು ಮಾಡಿ. ಸಣ್ಣ ಬಿರುಕು ಕಂಡರೆ ನೀರು ಚಿಮುಕಿಸಿ ಮರದ ಮಟ್ಟಪಲಗೆಯಲ್ಲಿ ಒತ್ತಿ ಉಜ್ಜಿ.

ಮೇಸ್ತ್ರಿಗಳು "ಬೇಗ ಗಟ್ಟಿಯಾಗಲಿ" ಅಂತ ಸುಮ್ನೆ ಒಂದು ಬೊಗಸೆ ಸಿಮೆಂಟ್ ಸೇರಿಸುತ್ತಾರೆ. ಪಕ್ಕದಲ್ಲೇ ನಿಂತು ತಡೆಯಿರಿ. ಮಾವನ ಮನೆಯಲ್ಲಿ ನಾನು ಊಟಕ್ಕೆ ಹೋದಾಗ ಒಂದು ಗೋಡೆಗೆ ಹಾಗೆ ಆಯಿತು. ಗುಳ್ಳೆ ಮತ್ತೆ ಬಂದದ್ದು ಆ ಒಂದೇ ಗೋಡೆಗೆ.

6. ಬಣ್ಣ

ತೆಳ್ಳಗಿನ ಸುಣ್ಣ, ನಾಲ್ಕು ಕೈ. ಬಣ್ಣ ಬೇಕಿದ್ದರೆ ಕಾವಿ ಸೇರಿಸಿ.

ಮೊದಲ ಆಟಿಯಲ್ಲಿ ಗೋಡೆಯ ಬುಡದ ಒಂದಡಿ ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಪೇಂಟರ್‌ಗೆ ಫೋನ್ ಮಾಡಬೇಡಿ. ಸೋಫಾ ಗೋಡೆಯಿಂದ ಅರ್ಧ ಅಡಿ ಈಚೆ ಎಳೆದು, ಮಳೆ ಬಿಟ್ಟ ದಿನ ಕಿಟಕಿ ತೆರೆದಿಡಿ. ಡಿಸೆಂಬರಿಗೆ ಆ ಕಲೆ ತಾನಾಗಿ ಬಿಳಿಚುತ್ತದೆ.