ಸರ್ವರ್‌ಗೆ ಹೊಸ ಕಾರ್ಡ್: ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಸ್ಲಾಟ್ ನೋಡಿ

ಸರ್ವರ್‌ಗೆ ನೆಟ್‌ವರ್ಕ್ ಕಾರ್ಡ್ ಹಾಕುವುದು ಅರ್ಧ ಗಂಟೆಯ ಕೆಲಸ. ಹಾಕಿದ ಕಾರ್ಡ್ ಯಾಕೆ ಕಾಣಿಸುತ್ತಿಲ್ಲ ಎಂದು ತಲೆ ಕೆರೆದುಕೊಳ್ಳಲು ಇಡೀ ಮಧ್ಯಾಹ್ನ ಬೇಕು. ನನಗೆ ಹಾಗೇ ಆಗಿತ್ತು. ಎರಡು ಪ್ರೊಸೆಸರ್ ಹಿಡಿಸುವ ಸರ್ವರ್ ಅದು, ಒಳಗಿದ್ದದ್ದು ಒಂದೇ. ಖಾಲಿ ಇದೆಯಲ್ಲ ಎಂದು ಕೈಗೆ ಸಿಕ್ಕ ಸ್ಲಾಟ್‌ಗೆ ಕಾರ್ಡ್ ಸಿಕ್ಕಿಸಿದ್ದೆ. ಆ ಸ್ಲಾಟ್‌ನ ಸಂಪರ್ಕ ಹೋಗುವುದು ಎರಡನೇ ಪ್ರೊಸೆಸರ್‌ಗೆ. ಅದೇ ಇಲ್ಲದ ಮೇಲೆ ಸ್ಲಾಟ್ ಇದ್ದೂ ಇಲ್ಲದಂತೆ!

ಆದ್ದರಿಂದ ಯಾವ ಸ್ಲಾಟ್ ಯಾವ ಪ್ರೊಸೆಸರ್‌ಗೆ ಸೇರಿದ್ದು ಎಂದು ಮೊದಲು ನೋಡಿಕೊಳ್ಳಿ. ಕೈಪಿಡಿಯಲ್ಲಿ ಇರುತ್ತದೆ. ಎಷ್ಟೋ ಸರ್ವರ್‌ಗಳಲ್ಲಿ ಮುಚ್ಚಳದ ಒಳಬದಿಗೇ ಚಿತ್ರ ಅಂಟಿಸಿರುತ್ತಾರೆ.

ಸ್ಲಾಟ್‌ನ ಉದ್ದ ನೋಡಿ ಮೋಸಹೋಗಬೇಡಿ. ಲೇನ್ ಎಂದರೆ ಡೇಟಾ ಸಾಗುವ ದಾರಿ. 16 ಲೇನ್ ಉದ್ದದ ಸ್ಲಾಟ್‌ಗೆ ಒಳಗೆ 8 ಲೇನ್ ಮಾತ್ರ ಜೋಡಿಸಿರುವುದುಂಟು. ಈ ಸ್ಲಾಟ್‌ಗಳ ಮಾನದಂಡ ಪಿಸಿಐ ಎಕ್ಸ್‌ಪ್ರೆಸ್. ಅದರ 3.0 ಆವೃತ್ತಿಯಲ್ಲಿ ಒಂದು ಲೇನ್ ಸೆಕೆಂಡಿಗೆ ಹೆಚ್ಚುಕಡಿಮೆ 1 ಗಿಗಾಬೈಟ್ ಸಾಗಿಸುತ್ತದೆ. 4.0ರಲ್ಲಿ ಅದರ ಎರಡರಷ್ಟು. ತಲಾ 25 ಗಿಗಾಬಿಟ್‌ನ (8 ಬಿಟ್‌ಗೆ 1 ಬೈಟ್) ಎರಡು ಪೋರ್ಟ್ ಇರುವ ಕಾರ್ಡ್‌ಗೆ ಸೆಕೆಂಡಿಗೆ 6 ಗಿಗಾಬೈಟ್‌ಗಿಂತ ಜಾಸ್ತಿ ದಾರಿ ಬೇಕು. ಅದನ್ನು 4 ಲೇನ್‌ನ 3.0 ಸ್ಲಾಟ್‌ಗೆ ಹಾಕಿದರೆ 4 ಗಿಗಾಬೈಟ್ ಕೂಡ ದಾಟುವುದಿಲ್ಲ. ಕಾರ್ಡ್ ಓಡುತ್ತದೆ, ಯಾವ ತಪ್ಪನ್ನೂ ತೋರಿಸುವುದಿಲ್ಲ, ಸುಮ್ನೆ ನಿಧಾನ.

ಇನ್ನು ಎತ್ತರ. ಸರ್ವರ್ ಎತ್ತರವನ್ನು ಯು ಎಂಬ ಅಳತೆಯಲ್ಲಿ ಹೇಳುತ್ತಾರೆ. 2ಯು ಸರ್ವರ್ ಎಂದರೆ 88.9 ಮಿಲಿಮೀಟರ್. ಪೂರ್ಣ ಎತ್ತರದ ಕಾರ್ಡ್ ಅದರಲ್ಲಿ ನೆಟ್ಟಗೆ ನಿಲ್ಲದು. ಅದಕ್ಕೇ ರೈಸರ್ ಎಂಬ ನೆಟ್ಟಗೆ ನಿಲ್ಲುವ ಹಲಗೆ ಇರುತ್ತದೆ, ಕಾರ್ಡ್ ಅದಕ್ಕೆ ಸಿಕ್ಕಿ ಅಡ್ಡಡ್ಡ ಮಲಗುತ್ತದೆ. ಗಿಡ್ಡ ಸ್ಲಾಟ್ ಆದರೆ ಕಾರ್ಡ್ ಕೂಡ ಗಿಡ್ಡದೇ ಆಗಿರಬೇಕು, ಅದರ ತುದಿಯ ಲೋಹದ ಪಟ್ಟಿ, ಅಂದರೆ ಬ್ರಾಕೆಟ್ ಕೂಡ. ಬ್ರಾಕೆಟ್ ಡಬ್ಬಿಯಲ್ಲೇ ಬಂದಿರಬಹುದು, ಎಸೆಯಬೇಡಿ.

ಈಗ ಕೈ ಹಾಕೋಣ. ಬ್ಯಾಕಪ್ ಆಯಿತಾ? ಸರ್ವರ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತುಬಿಡಿ. ಎರಡು ಪವರ್ ಸಪ್ಲೈ ಇದ್ದರೆ ಎರಡೂ ಕೇಬಲ್, ಮರೆಯಬೇಡಿ. ಆಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ವಿದ್ಯುತ್ ಇಳಿಯುತ್ತದೆ. ಮೈಯ ಸ್ಥಿರ ವಿದ್ಯುತ್ ಇಳಿಸುವ ಆ್ಯಂಟಿಸ್ಟ್ಯಾಟಿಕ್ ಪಟ್ಟಿ ಮಣಿಕಟ್ಟಿಗೆ ಕಟ್ಟಿ, ಇನ್ನೊಂದು ತುದಿಯನ್ನು ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ.

ರೈಸರ್ ನೇರವಾಗಿ ಮೇಲಕ್ಕೆ ಎತ್ತಿ. ಸ್ಲಾಟ್ ಮುಚ್ಚಿದ್ದ ತಗಡಿನ ಪಟ್ಟಿ ತೆಗೆದು ಜೋಪಾನವಾಗಿಡಿ. ಮುಂದೆ ಕಾರ್ಡ್ ತೆಗೆದರೆ ಅದು ಬೇಕು, ತೂತು ತೆರೆದೇ ಬಿಟ್ಟರೆ ಫ್ಯಾನ್ ಗಾಳಿ ದಾರಿ ತಪ್ಪುತ್ತದೆ. ಕಾರ್ಡ್‌ನ ಅಂಚು ಮಾತ್ರ ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ. ಎರಡೂ ಬದಿ ಸಮ ಒತ್ತಿ ಕೂರಿಸಿ, ಸ್ಕ್ರೂ ಬಿಗಿಮಾಡಿ, ರೈಸರ್ ವಾಪಸ್ ಹಾಕಿ. ಇಲ್ಲೂ ಎಡವುವುದುಂಟು. ಕಾರ್ಡ್ ಸರಿಯಾಗಿ ಕೂತಿರುತ್ತದೆ, ರೈಸರ್ ಒಂದು ಕೂದಲೆಳೆ ಮೇಲೆ ನಿಂತಿರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಕಥೆ ಬೇರೆ. ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಅದಕ್ಕೂ ಮೇಲೆ ಬೇಕಾದರೆ ಬೇರೆ ಪವರ್ ಕೇಬಲ್ ಎಳೆಯಬೇಕು, ಅದೂ ನಿಮ್ಮ ಸರ್ವರ್ ಮಾಡೆಲ್‌ನದ್ದೇ. ತುದಿ ನೋಡಲು ಒಂದೇ ಥರ ಇದ್ದರೂ ಪಿನ್‌ಗಳ ಕ್ರಮ ಬೇರೆ ಇದ್ದರೆ ಕಾರ್ಡ್ ಸುಟ್ಟುಹೋಗಬಹುದು.

ಸರ್ವರ್ ಆನ್ ಆದ ಮೇಲೆ ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ (lspci) ಕಮಾಂಡ್ ಕೊಟ್ಟು ಕಾರ್ಡ್ ಕಾಣುತ್ತಿದೆಯೇ ನೋಡಿ. ರೂಟ್ (ಅಡ್ಮಿನ್) ಆಗಿ -vv ಸೇರಿಸಿ ಕೊಟ್ಟರೆ ಎಷ್ಟು ಲೇನ್ ಸಿಕ್ಕಿದೆ ಎಂಬುದನ್ನೂ ಅದೇ ಹೇಳುತ್ತದೆ. ಮಾನಿಟರ್, ಕೀಬೋರ್ಡ್ ಮಾತ್ರ ಆಗಲೇ ಕಿತ್ತಿಡಬೇಡಿ. ಹೊಸ ಕಾರ್ಡ್ ಬಂದಾಗ ಕಾರ್ಡ್‌ಗಳಿಗೆ ಸಿಸ್ಟಮ್ ಕೊಡುವ ವಿಳಾಸದಂಥ ಪಿಸಿಐ ಬಸ್ ಸಂಖ್ಯೆ ಬದಲಾಗಿ, ಹಳೆಯ ನೆಟ್‌ವರ್ಕ್ ಪೋರ್ಟ್‌ನ ಹೆಸರೇ ಇಎನ್‌ಪಿ3ಎಸ್‌0 ಇದ್ದದ್ದು ಇಎನ್‌ಪಿ4ಎಸ್‌0 ಆಗಿಬಿಡಬಹುದು. ನೆಟ್‌ವರ್ಕ್ ಸೆಟ್ಟಿಂಗ್ ಫೈಲ್‌ನಲ್ಲಿ ಹಳೆಯ ಹೆಸರೇ ಇರುತ್ತದೆ. ಆಗ ದೂರದಿಂದ ಲಾಗಿನ್ ಆಗಲು ದಾರಿಯೇ ಇಲ್ಲ. ಎದುರಿಗೇ ಕೂತು ಹೆಸರು ತಿದ್ದಬೇಕು.