ಶಿಶ್ನ ಡೊಂಕಾಗುತ್ತಿದೆಯೇ? ಮೊದಲು ಫೋಟೊ, ಆಮೇಲೆ ವೈದ್ಯರು

ಇಷ್ಟು ವರ್ಷ ನೆಟ್ಟಗಿದ್ದ ಶಿಶ್ನ ನಿಮಿರಿದಾಗ ಒಂದು ಕಡೆಗೆ ಬಾಗತೊಡಗುತ್ತದೆ. ನೋವಾಗುತ್ತದೆ. ಮುಟ್ಟಿದರೆ ಚರ್ಮದ ಕೆಳಗೆ ಗಟ್ಟಿ ಗಂಟು. ಕ್ಯಾನ್ಸರೇ ಇರಬೇಕೆಂದು ಹೆದರಿ, ಹೆಂಡತಿಗೂ ಹೇಳದೆ ಒಳಗೊಳಗೇ ಕೊರಗುವ ಗಂಡಸರಿದ್ದಾರೆ. ಇದು ಪೆರೋನಿ ಕಾಯಿಲೆ. ಫ್ರಾನ್ಸಿನ ದೊರೆ 15ನೇ ಲೂಯಿಯ ಶಸ್ತ್ರವೈದ್ಯರಾಗಿದ್ದ ಪೆರೋನಿ 1743ರಲ್ಲೇ ಇದನ್ನು ವಿವರಿಸಿದ್ದರು. ಇದು ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಶಿಶ್ನದೊಳಗೆ ರಕ್ತ ತುಂಬಿಕೊಳ್ಳುವ ಎರಡು ಕೊಳವೆಗಳಿವೆ. ಅವುಗಳ ಸುತ್ತ ಹಿಗ್ಗುವ, ಆದರೆ ಗಟ್ಟಿಯಾದ ಪೊರೆ. ಸಂಭೋಗದ ವೇಳೆ ಈ ಪೊರೆಗೆ ಆಗುವ ಸಣ್ಣ ಪೆಟ್ಟು ಕೆಲವರಲ್ಲಿ ಸರಿಯಾಗಿ ಮಾಯದೆ ಕಲೆಗಟ್ಟುತ್ತದೆ. ಕೈಗೆ ಸಿಗುವ ಗಂಟು ಈ ಕಲೆಯೇ, ಅದು ಹಿಗ್ಗುವುದಿಲ್ಲ. ಉದ್ದನೆಯ ಬಲೂನಿನ ಒಂದು ಬದಿಗೆ ಟೇಪ್ ಅಂಟಿಸಿ ಊದಿದರೆ ಆ ಕಡೆಗೇ ಬಾಗುತ್ತದಲ್ವಾ, ಇದೂ ಹಾಗೇ. ಪೆಟ್ಟು ಬಿದ್ದ ನೆನಪೇ ಇಲ್ಲದವರೂ ಇರುತ್ತಾರೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಅಂಗೈಯಲ್ಲಿ ಹುರಿಗಟ್ಟಿ ಬೆರಳು ಮಡಚಿಕೊಳ್ಳುವ ತೊಂದರೆ ಇರುವವರಲ್ಲಿ ಇದು ಜಾಸ್ತಿ. ಹರೆಯದಿಂದಲೇ ಸ್ವಲ್ಪ ಬಾಗಿದ್ದು, ಗಂಟೂ ನೋವೂ ಇಲ್ಲದಿದ್ದರೆ ಅದು ಬೇರೆ ವಿಷಯ.

ಮೊದಲು ಮಾಡಬೇಕಾದದ್ದು ಫೋಟೊ. ಸಂಕೋಚ ಬೇಡ. ನಿಮಿರಿದ ಸ್ಥಿತಿಯಲ್ಲಿ ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಮುಖ ಬರುವುದು ಬೇಡ. ಆಸ್ಪತ್ರೆಯಲ್ಲಿ ವೈದ್ಯರಿಗೆ ಕಾಣುವುದು ನಿಮಿರದ ಶಿಶ್ನ, ಅದರಲ್ಲಿ ಬಾಗು ಗೊತ್ತಾಗುವುದಿಲ್ಲ. ನೋವು ಯಾವಾಗ ಶುರುವಾಯಿತು, ಬಾಗು ಹೆಚ್ಚುತ್ತಿದೆಯೇ, ನಿಮಿರುವಿಕೆ ಕಡಿಮೆಯಾಗಿದೆಯೇ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಆಮೇಲೆ ಯುರಾಲಜಿಸ್ಟ್, ಅಂದರೆ ಮೂತ್ರಾಂಗ ಮತ್ತು ಗಂಡಸರ ಜನನಾಂಗದ ತಜ್ಞರ ಹತ್ತಿರ ಹೋಗಿ. ಬಸ್ ನಿಲ್ದಾಣದ ಗೋಡೆಯಲ್ಲಿ ‘ಗುಪ್ತರೋಗ ತಜ್ಞರು, ಲಾಡ್ಜ್‌ನಲ್ಲಿ ಭೇಟಿ’ ಎಂದು ಬರೆದವರ ಬಳಿ ದಯವಿಟ್ಟು ಬೇಡ. ಅಲ್ಲಿ ದುಡ್ಡಿನ ಜೊತೆ ಕೈಜಾರುವುದು ಚಿಕಿತ್ಸೆಯ ಸಮಯ. ಸರ್ಕಾರಿ ಆಸ್ಪತ್ರೆಯೇ ಬೇಕೆಂದರೆ ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ನೆಫ್ರೋ-ಯುರಾಲಜಿ ಸಂಸ್ಥೆ ಇದೆ.

ವೈದ್ಯರು ಶಿಶ್ನವನ್ನು ಮೆಲ್ಲಗೆ ಎಳೆದು ಹಿಡಿದು, ಬೆರಳಿನಿಂದ ಗಂಟು ಹುಡುಕುತ್ತಾರೆ. ಕೆಲವೇ ನಿಮಿಷದ ಕೆಲಸ. ಬೇಕೆನಿಸಿದರೆ ನಿಮಿರುವಂತೆ ಮಾಡುವ ಇಂಜೆಕ್ಷನ್ ಕೊಟ್ಟು ಬಾಗಿನ ಕೋನ ಅಳೆಯುತ್ತಾರೆ, ಸ್ಕ್ಯಾನ್‌ನಲ್ಲಿ ರಕ್ತದ ಹರಿವು ನೋಡುತ್ತಾರೆ. ಆ ಇಂಜೆಕ್ಷನ್ ಆದಮೇಲೆ ನಿಮಿರುವಿಕೆ 4 ಗಂಟೆಯಾದರೂ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಈಗ ಕಷ್ಟದ ಭಾಗ, ಕಾಯುವುದು. ಶುರುವಿನ ಹಂತ ಸಾಮಾನ್ಯವಾಗಿ 6ರಿಂದ 18 ತಿಂಗಳು. ನೋವು ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ, ಬಾಗು ಮಾತ್ರ ಪೂರ್ತಿ ಹೋಗುವುದು ಅಪರೂಪ. ಈ ಹಂತದಲ್ಲಿ ನೋವಿನ ಮಾತ್ರೆ ಕೊಡುತ್ತಾರೆ. ದಿನವೂ ನಿಗದಿತ ಹೊತ್ತು ಹಾಕಿಕೊಳ್ಳುವ ಎಳೆತದ ಸಾಧನವನ್ನೂ ಕೆಲವರಿಗೆ ಹೇಳುತ್ತಾರೆ. ವಿಟಮಿನ್ ಇ ಮಾತ್ರೆ ಸುಮ್ನೆ ನುಂಗಬೇಡಿ, ಇದಕ್ಕೆ ಅದರಿಂದ ಪ್ರಯೋಜನ ಕಂಡಿಲ್ಲ. ಬಾಗು ಸ್ವಲ್ಪವೇ ಇದ್ದು, ಸಂಭೋಗಕ್ಕೆ ಅಡ್ಡಿ ಇಲ್ಲದಿದ್ದರೆ ಚಿಕಿತ್ಸೆಯೇ ಬೇಕಾಗದಿರಬಹುದು.

ಬಾಗು ಒಂದು ಮಟ್ಟಕ್ಕೆ ನಿಂತ ಮೇಲೆ ಗಂಟಿಗೇ ಕೊಡುವ ಇಂಜೆಕ್ಷನ್‌ಗಳಿವೆ. ಕಲೆಯನ್ನು ಕರಗಿಸುವ ಕೊಲಾಜಿನೇಸ್‌ಗೆ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಕನಿಷ್ಠ 30 ಡಿಗ್ರಿ ಬಾಗಿದವರಿಗೆ ಅದು. ಇಲ್ಲಿ ಸಿಗುತ್ತದೆಯೇ, ಬದಲಿಗೆ ವೆರಾಪಮಿಲ್ ಎಂಬ ಇನ್ನೊಂದು ಇಂಜೆಕ್ಷನ್ ಆಗುತ್ತದೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಕೊಲಾಜಿನೇಸ್ ಪಡೆದವರು ವೈದ್ಯರು ಹೇಳುವವರೆಗೆ ಸಂಭೋಗ ಮಾಡಬಾರದು. ‘ಟಪ್’ ಎಂಬ ಸದ್ದಾಗಿ, ನಿಮಿರಿದ್ದು ಒಮ್ಮೆಲೇ ಇಳಿದು, ಊದಿ ಕಪ್ಪಗಾದರೆ ಒಳಗಿನ ಪೊರೆ ಹರಿದಿರಬಹುದು. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಆಪರೇಷನ್ ಕೊನೆಯ ದಾರಿ. ಬಾಗಿನ ಎದುರು ಬದಿಗೆ ಹೊಲಿಗೆ ಹಾಕಿ ನೆಟ್ಟಗೆ ಮಾಡುವುದು ಒಂದು ಬಗೆ, ಇದರಲ್ಲಿ ಉದ್ದ ಸ್ವಲ್ಪ ಕಡಿಮೆಯಾಗುತ್ತದೆ. ಬಾಗು ತುಂಬಾ ಇದ್ದರೆ ಕಲೆಯನ್ನು ಕತ್ತರಿಸಿ ತೇಪೆ ಹಾಕುತ್ತಾರೆ, ಆಗ ನಿಮಿರುವಿಕೆ ಕುಗ್ಗುವ ಅಪಾಯ ಜಾಸ್ತಿ. ಮಾತ್ರೆಗೂ ನಿಮಿರದಿದ್ದರೆ ಶಿಶ್ನವನ್ನು ಗಟ್ಟಿಯಾಗಿಸುವ ಸಾಧನ (ಇಂಪ್ಲಾಂಟ್) ಒಳಗೆ ಇಡಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಉದ್ದ, ಸ್ಪರ್ಶ, ನಿಮಿರುವಿಕೆ ಮೂರರ ಬಗ್ಗೆಯೂ ಬಾಯಿಬಿಟ್ಟು ಕೇಳಿ. ಆ ದಿನ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳೂ ಇರುತ್ತವೆ.